ಉಮರ್ಗಾ ದಾರಿಯಲ್ಲಿ ಬಂದ ಜನರಲ್



ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಗಡಿಭಾಗದಲ್ಲಿ ಎರಡೂ ಕಡೆ ಧ್ವಜ ಹಾರುತ್ತದೆ. ಉಮರ್ಗಾ, ನಿಲಂಗಾ, ಉದಗೀರದ ಶಾಲೆಗಳಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಗಡಿ ದಾಟಿ ಬಸವಕಲ್ಯಾಣ, ಭಾಲ್ಕಿ, ಬೀದರಿಗೆ ಬಂದರೆ ಕಲ್ಯಾಣ ಕರ್ನಾಟಕ ಉತ್ಸವ. ಹೆಸರು ಬೇರೆಯಾದರೂ ದಿನ ಒಂದೇ, ಕಾರಣವೂ ಒಂದೇ. 1948ರ ಆ ದಿನ ನಿಜಾಮರ ಹೈದರಾಬಾದ್ ಸಂಸ್ಥಾನ ಶಸ್ತ್ರ ಕೆಳಗಿಟ್ಟಿತು.

ನಮ್ಮ ಮನೆಗಳ ಹಿರಿಯರು ಈ ಕಾಲವನ್ನು ಎರಡು ಮಾತುಗಳಲ್ಲಿ ನೆನೆಯುತ್ತಾರೆ. ಒಂದು 'ರಜಾಕಾರರ ಕಾಲ', ಇನ್ನೊಂದು 'ಪೊಲೀಸ್ ಆ್ಯಕ್ಷನ್'. ಈ ಎರಡು ಮಾತುಗಳ ನಡುವೆ ಒಬ್ಬ ಸೇನಾಪತಿ ನಿಂತಿದ್ದಾರೆ. ಅವರ ಟ್ಯಾಂಕುಗಳು ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ ದಾರಿಯಲ್ಲೇ ಹೈದರಾಬಾದಿಗೆ ಹೋದವು. ಅವರು ಮೇಜರ್ ಜನರಲ್ ಜಯಂತೋನಾಥ್ ಚೌಧುರಿ. ನಾವು ಬಸ್ಸಿನಲ್ಲಿ ದಿನವೂ ಓಡಾಡುವ ರಸ್ತೆ ಅದು, ಇಂದಿನ ರಾಷ್ಟ್ರೀಯ ಹೆದ್ದಾರಿ 65. ಆದರೂ ಅವರ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಿಲ್ಲ. ಈ ಬಾರಿ ಅವರ ಜೀವನವನ್ನು, ಅವರು ಗೆದ್ದದ್ದನ್ನು, ಆ ಗೆಲುವು ಮುಟ್ಟದೆ ಉಳಿದದ್ದನ್ನು ಒಟ್ಟಿಗೆ ನೋಡೋಣ.

ಬಂಗಾಳದ ಹುಡುಗ

ಚೌಧುರಿ ಹುಟ್ಟಿದ್ದು 1908ರ ಜೂನ್ 10ರಂದು, ಬಂಗಾಳದ ಹೆಸರಾಂತ ಮನೆತನದಲ್ಲಿ. ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾಗಿದ್ದ ಡಬ್ಲ್ಯೂ.ಸಿ. ಬ್ಯಾನರ್ಜಿ ಅವರ ತಾಯಿಯ ತಂದೆ. ಕಲ್ಕತ್ತೆಯಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದರು. ಮುಂದೆ ಲಂಡನ್ನಿನ ಹೈಗೇಟ್ ಶಾಲೆ, ಅಲ್ಲಿಂದ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು. ಗೆಳೆಯರು ಅವರನ್ನು ಕರೆಯುತ್ತಿದ್ದದ್ದು 'ಮುಚ್ಚು' ಎಂದು. ಜೀವನಪೂರ್ತಿ ಆ ಹೆಸರು ಉಳಿಯಿತು.

1928ರಲ್ಲಿ ಅವರು ಸೇನೆಯ ಅಧಿಕಾರಿಯಾದರು, ಮರುವರ್ಷ 7ನೇ ಲೈಟ್ ಕ್ಯಾವಲ್ರಿ ಸೇರಿದರು. ಆಗ ಭಾರತೀಯರಿಗೆ ಸೇನೆಯಲ್ಲಿ ಅಧಿಕಾರಿಯ ಹುದ್ದೆ ಸಿಗುವುದೇ ಅಪರೂಪ. ಎರಡನೇ ಮಹಾಯುದ್ಧದಲ್ಲಿ 5ನೇ ಭಾರತೀಯ ಡಿವಿಷನ್ ಜೊತೆ ಸುಡಾನ್, ಎರಿಟ್ರಿಯ, ಆಫ್ರಿಕದ ಮರುಭೂಮಿ ಸುತ್ತಿದರು. 1944ರಲ್ಲಿ 16ನೇ ಲೈಟ್ ಕ್ಯಾವಲ್ರಿಯ ನಾಯಕತ್ವ ವಹಿಸಿ ಬರ್ಮಾದಲ್ಲಿ ಜಪಾನೀ ಸೈನ್ಯದ ವಿರುದ್ಧ ಕಾದಾಡಿದರು. ಸ್ವಾತಂತ್ರ್ಯ ಬಂದಾಗ ಅವರಿಗೆ 39 ವರ್ಷ. ಮರುವರ್ಷವೇ ಮೇಜರ್ ಜನರಲ್ ಆದರು. 1948ರ ಮೇ ತಿಂಗಳಲ್ಲಿ 1ನೇ ಆರ್ಮರ್ಡ್ ಡಿವಿಷನ್, ಅಂದರೆ ದೇಶದ ಟ್ಯಾಂಕುಗಳ ದೊಡ್ಡ ಪಡೆ, ಅವರ ಕೈಗೆ ಬಂತು.

ಬ್ರಿಟಿಷರು ಕಟ್ಟಿದ ಸೈನ್ಯದಲ್ಲಿ ಬೆಳೆದವರು ಸ್ವತಂತ್ರ ಭಾರತದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದಕ್ಕೆ ಸಿದ್ಧರಾಗಬೇಕಿತ್ತು. ಆ ಕೆಲಸ ನಮ್ಮೂರುಗಳಲ್ಲೇ ನಡೆಯುವುದಿತ್ತು.

ನಮ್ಮ ಊರುಗಳು ಆಗ ಎಲ್ಲಿದ್ದವು?

ಇಂದಿನ ನಕ್ಷೆ ಹಿಡಿದು ಆ ಕಾಲವನ್ನು ನೋಡಿದರೆ ದಾರಿ ತಪ್ಪುತ್ತೇವೆ. 1948ರಲ್ಲಿ ಲಾತೂರು ಜಿಲ್ಲೆ ಎಂಬುದು ಇರಲಿಲ್ಲ. ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ಉಮರ್ಗಾ ಮಾತ್ರ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿತ್ತು. ಎಲ್ಲವೂ ಸೇರಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರಾಜ್ಯ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಅದರೊಳಗೆ ಬದುಕುತ್ತಿದ್ದವು. ನಮ್ಮ ಮನೆಗಳಲ್ಲಿ ಒಂದೇ ಊಟದ ಪಂಕ್ತಿಯಲ್ಲಿ ಕನ್ನಡವೂ ಮರಾಠಿಯೂ ಕೇಳುವುದು ಆ ಕಾಲದಿಂದ ಬಂದದ್ದೇ.

1947ರ ಆಗಸ್ಟಿನಲ್ಲಿ ಭಾರತ ಸ್ವತಂತ್ರವಾದಾಗ ನಿಜಾಮರು ಭಾರತ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಮಾತುಕತೆ ಮುಂದುವರಿಯಿತು, ಜನರ ಕಷ್ಟವೂ ಮುಂದುವರಿಯಿತು. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿ ಎಂಬಾತ ರಜಾಕಾರರೆಂಬ ಶಸ್ತ್ರಧಾರಿ ಪಡೆಯ ನಾಯಕನಾದ. ಲೂಟಿ, ಬೆಂಕಿ, ಕೊಲೆಯ ಸುದ್ದಿಗಳು ಹಳ್ಳಿಯಿಂದ ಹಳ್ಳಿಗೆ ಹರಿದವು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಗಡಿಭಾಗ ಇನ್ನೂ ಮರೆತಿಲ್ಲ. ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದವು. ರಜಾಕಾರರ ವಿರುದ್ಧ ಬರೆದ ಮುಸ್ಲಿಂ ಪತ್ರಕರ್ತ ಶೋಯಬುಲ್ಲಾ ಖಾನ್ ಅವರನ್ನೂ ಆ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಇದನ್ನು ನಾವು ನೆನಪಿಡಬೇಕು. ರಜಾಕಾರರೂ ಮುಸಲ್ಮಾನರೂ ಒಂದೇ ಅಲ್ಲ ಎಂಬುದಕ್ಕೆ ಆ ಯುವಕನ ರಕ್ತವೇ ಸಾಕ್ಷಿ.

ಐದು ದಿನ

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತದ ಸೇನೆ ಸಂಸ್ಥಾನದ ಗಡಿ ದಾಟಿತು. ಸೇನೆ ಇದಕ್ಕೆ ಇಟ್ಟ ಹೆಸರು 'ಆಪರೇಷನ್ ಪೋಲೊ'. ದಕ್ಷಿಣ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ ಅವರ ಮೇಲ್ವಿಚಾರಣೆಯಲ್ಲಿ ಎರಡು ಮುಖ್ಯ ದಾಳಿಗಳು ನಡೆದವು. ಪಶ್ಚಿಮದಿಂದ, ಸೊಲ್ಲಾಪುರದ ಕಡೆಯಿಂದ ಚೌಧುರಿ. ಪೂರ್ವದಿಂದ, ವಿಜಯವಾಡದ ಕಡೆಯಿಂದ ಮೇಜರ್ ಜನರಲ್ ಅಜಿತ್ ರುದ್ರ. ಈ ರುದ್ರ ಅವರು ಬಂಗಾಳಿ ಕ್ರೈಸ್ತರು. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರೂ ಗಾಂಧೀಜಿಯ ಆಪ್ತರೂ ಆಗಿದ್ದ ಸುಶೀಲ್ ಕುಮಾರ್ ರುದ್ರ ಅವರ ಮಗ. ದೇಶ ಕಟ್ಟುವಲ್ಲಿ ಕ್ರೈಸ್ತರ ಪಾಲೇನು ಎಂದು ಯಾರಾದರೂ ಕೇಳಿದರೆ ಈ ಹೆಸರನ್ನೂ ಹೇಳಬಹುದು.

ಪಶ್ಚಿಮದ ದಾಳಿಗೆ ಮೊದಲ ಅಡ್ಡಿ ನಳದುರ್ಗದ ಬೋರಿ ನದಿಯ ಸೇತುವೆ. ಅದನ್ನು ಸ್ಫೋಟಿಸಿದ್ದರೆ ಮಳೆಗಾಲದಲ್ಲಿ ಟ್ಯಾಂಕುಗಳು ಅಲ್ಲೇ ನಿಲ್ಲುತ್ತಿದ್ದವು. ಸ್ಫೋಟಕ್ಕೆ ಅವಕಾಶ ಕೊಡದಂತೆ ವೇಗವಾಗಿ ನುಗ್ಗಿ ಸೇತುವೆಯನ್ನು ಇಡಿಯಾಗಿ ಹಿಡಿದುಕೊಂಡರು. ಬೆಳಗಿನ ಒಂಬತ್ತಕ್ಕೆ ನಳದುರ್ಗದ ಹತ್ತಿರದ ಜಳಕೋಟ (ಉದಗೀರ ಕಡೆಯ ಜಳಕೋಟ ಅಲ್ಲ) ಕೈಗೆ ಬಂತು. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಗಡಿಯಿಂದ 61 ಕಿಲೋಮೀಟರ್ ಒಳಗಿನ ಉಮರ್ಗಾ ತಲುಪಿದರು. ಊರಿನಲ್ಲಿದ್ದ ರಜಾಕಾರರ ತಡೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದೇ ದಿನ ಇನ್ನೊಂದು ತುಕಡಿ ತುಳಜಾಪುರದಲ್ಲಿ ಎರಡು ಗಂಟೆ ಕಾದಾಡಿ ಗೆದ್ದಿತು. ಆದರೆ ಅಲ್ಲಿಂದ ಲೋಹಾರಾ ಕಡೆ ಹೋಗಲು ತುಂಬಿ ಹರಿದ ಹೊಳೆ ಬಿಡಲಿಲ್ಲ.

ಮರುದಿನ ಉಮರ್ಗಾದಿಂದ 48 ಕಿಲೋಮೀಟರ್ ಪೂರ್ವಕ್ಕಿರುವ ರಾಜೇಶ್ವರ. ದಾರಿಯಲ್ಲಿ ಹೊಂಚು ಹಾಕಿ ಕುಳಿತಿದ್ದವರ ಮೇಲೆ ಮೊದಲು ವಿಮಾನಗಳು ದಾಳಿ ಮಾಡಿದವು, ಮಧ್ಯಾಹ್ನಕ್ಕೆ ಊರು ಸೇನೆಯ ವಶವಾಯಿತು. ಮುಂದೆ ಜಹೀರಾಬಾದ್ ದಾರಿಯಲ್ಲಿ ನೆಲಬಾಂಬುಗಳು ಸ್ವಲ್ಪ ತಡ ಮಾಡಿದವು. 17ರ ಬೆಳಿಗ್ಗೆ ಸೇನೆ ಬೀದರ್ ಹೊಕ್ಕಿತು. ಅಂದು ಸಂಜೆ ಐದಕ್ಕೆ ನಿಜಾಮರು ಕದನವಿರಾಮ ಘೋಷಿಸಿದರು. 18ರಂದು ನಿಜಾಮರ ಸೇನಾಪತಿ ಮೇಜರ್ ಜನರಲ್ ಎಲ್ ಎದ್ರೂಸ್ ಹೈದರಾಬಾದಿನ ಹೊರಗೆ ಚೌಧುರಿಯವರಿಗೆ ಶರಣಾದರು. ಎದ್ರೂಸ್ ಅನುಭವಿ ಯೋಧ. ತಮ್ಮ ಬಳಿ ಪೂರ್ಣ ತರಬೇತಿಯ ಸೈನಿಕರು ಕೆಲವೇ ಸಾವಿರ, ಗೆಲುವು ಅಸಾಧ್ಯ ಎಂಬುದು ಅವರಿಗೆ ಗೊತ್ತಿತ್ತು. ರಾಜಧಾನಿಯ ಬೀದಿಗಳಲ್ಲಿ ಯುದ್ಧ ನಡೆಯದೆ ಮುಗಿದದ್ದು ಸಾವಿರಾರು ಜನರ ಪುಣ್ಯ.

ಐದು ದಿನದಲ್ಲಿ ಯುದ್ಧ ಮುಗಿಯಿತು. ಸೈನಿಕ ಲೆಕ್ಕದಲ್ಲಿ ಇದು ದೊಡ್ಡ ಯಶಸ್ಸು.

ರಸ್ತೆಯಿಂದ ದೂರದ ಹಳ್ಳಿಗಳು

ನಮ್ಮ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಹಿರಿಯರ ಮೌನ ಇಲ್ಲಿಂದಲೇ ಆರಂಭವಾಗುತ್ತದೆ.

ಟ್ಯಾಂಕುಗಳು ಹೆದ್ದಾರಿ ಹಿಡಿದು ಮುಂದೆ ಹೋದವು. ನಿಲಂಗಾ, ಉದಗೀರ, ಲಾತೂರು ಆ ಹೆದ್ದಾರಿಯ ಮೇಲಿಲ್ಲ, ಉತ್ತರಕ್ಕಿವೆ. ಹಳೆಯ ಸರ್ಕಾರ ಕುಸಿದಿತ್ತು, ಪಟೇಲರೂ ಪೊಲೀಸರೂ ಓಡಿದ್ದರು, ಹೊಸ ಆಡಳಿತ ಇನ್ನೂ ಬಂದಿರಲಿಲ್ಲ. ಆ ಖಾಲಿ ದಿನಗಳಲ್ಲಿ ಸೇಡು ಒಳನುಗ್ಗಿತು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದ ಸಾಮಾನ್ಯ ಮುಸ್ಲಿಂ ಕುಟುಂಬಗಳು ಬೆಲೆ ತೆತ್ತವು. ರೈತರು, ನೇಕಾರರು, ವ್ಯಾಪಾರಿಗಳು, ಹೆಂಗಸರು, ಮಕ್ಕಳು ಎನ್ನದೆ ಬಲಿಯಾದರು.

ಇದನ್ನು ನೋಡಿ ಬರಲು ಪ್ರಧಾನಿ ನೆಹರೂ ಪಂಡಿತ್ ಸುಂದರ್‌ಲಾಲ್ ಅವರ ತಂಡವನ್ನು ಕಳುಹಿಸಿದರು. ಕಾಜಿ ಅಬ್ದುಲ್ ಗಫಾರ್, ಮೌಲಾನಾ ಮಿಸ್ರಿ ಅವರೊಡನೆ ಇದ್ದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ತಂಡ ಜಿಲ್ಲೆ ಜಿಲ್ಲೆ ಸುತ್ತಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಎಂದು ವರದಿ ಬರೆಯಿತು. ಅಂದರೆ ಉಮರ್ಗಾದ ಜಿಲ್ಲೆ, ನಿಲಂಗಾ ಉದಗೀರಗಳ ಜಿಲ್ಲೆ, ಎರಡೂ ಆ ಪಟ್ಟಿಯಲ್ಲಿವೆ. ಇಡೀ ಸಂಸ್ಥಾನದಲ್ಲಿ ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸತ್ತವರು 27,000ದಿಂದ 40,000 ಇರಬಹುದೆಂದು ತಂಡ ಅಂದಾಜಿಸಿತು. ಲಾತೂರಿನಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರು, ತಂಡ ಹೋದಾಗ ಉಳಿದಿದ್ದವರು ಮೂರು ಸಾವಿರದಷ್ಟು ಎಂದೂ ಅದರಲ್ಲಿದೆ. ಕೆಲವೆಡೆ ಸಮವಸ್ತ್ರದವರೂ ಕೊಲೆ, ಲೂಟಿಗಳಲ್ಲಿ ಭಾಗಿಯಾದರು, ಬೇರೆ ಕಡೆ ಅದೇ ಸೇನೆ ಜನರನ್ನು ಕಾಪಾಡಿತು ಎಂದು ಎರಡನ್ನೂ ವರದಿ ದಾಖಲಿಸಿದೆ. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. 2013ರ ಹೊತ್ತಿಗಷ್ಟೇ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರು ಅದನ್ನು ನೋಡುವಂತಾಯಿತು. ಅಂಕಿಗಳ ಬಗ್ಗೆ ಇಂದಿಗೂ ವಾದವಿದೆ. ಆದರೆ ಅಮಾಯಕರು ದೊಡ್ಡ ಸಂಖ್ಯೆಯಲ್ಲಿ ಸತ್ತರು ಎಂಬುದರಲ್ಲಿ ವಾದವಿಲ್ಲ.

ಅದೇ ವರದಿಯ ಇನ್ನೊಂದು ಭಾಗವನ್ನು ನಾವು ಇನ್ನೂ ಹೆಚ್ಚಾಗಿ ನೆನಪಿಡಬೇಕು. ಎಷ್ಟೋ ಊರುಗಳಲ್ಲಿ ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣದ ಹಂಗು ತೊರೆದು ಉಳಿಸಿದರು. ಒಂದೇ ಕಸುಬಿನವರಲ್ಲಿ ಈ ಪ್ರೀತಿ ಎದ್ದು ಕಂಡಿತು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು, ಕೆಲವರು ಜೀವವನ್ನೇ ಕೊಟ್ಟರು. ಅಪಹರಣಕ್ಕೊಳಗಾದ ಹೆಣ್ಣುಮಕ್ಕಳನ್ನು ಹುಡುಕಿ ಮನೆಗೆ ಸೇರಿಸಲು ಎಷ್ಟೋ ಹಿಂದೂಗಳು ನೆರವಾದರು. ಅವರಿಗೆ ಯಾವ ಜನರಲ್ ಕೂಡ ಆಜ್ಞೆ ಕೊಟ್ಟಿರಲಿಲ್ಲ. ಪಕ್ಕದ ಮಗ್ಗದಲ್ಲಿ ಕುಳಿತು ನೇಯುವವನ ಮುಖ ಅವರಿಗೆ ಗೊತ್ತಿತ್ತು, ಅಷ್ಟೇ.

ಅಧಿಕಾರದ ಕೆಳಗಿರುವ ಮನುಷ್ಯ

ಯುದ್ಧದ ನಂತರ ಚೌಧುರಿ ಹೈದರಾಬಾದಿನ ಸೈನಿಕ ರಾಜ್ಯಪಾಲರಾದರು. 1949ರ ಕೊನೆಯವರೆಗೆ ಆ ಹುದ್ದೆಯಲ್ಲಿದ್ದರು. ನಮ್ಮ ರೈತರ ಬದುಕು ಬದಲಿಸಿದ ಒಂದು ದೊಡ್ಡ ಕ್ರಮ ಆಗಲೇ ಬಂತು. 1949ರಲ್ಲಿ ಜಾಗೀರು ಪದ್ಧತಿ ರದ್ದಾಯಿತು. ಅದೇ ವರ್ಷ ನಿಜಾಮರ ಸ್ವಂತ 'ಸರ್ಫೆ ಖಾಸ್' ಜಮೀನುಗಳು ಸರ್ಕಾರಕ್ಕೆ ಸೇರಿದವು. ಕಾಸಿಂ ರಜ್ವಿಗೆ ಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮರು ಮಾತ್ರ 1956ರವರೆಗೆ ರಾಜಪ್ರಮುಖರಾಗಿ ಗೌರವದಿಂದ ಇದ್ದರು. ಅಂದರೆ ಮೇಲಿನವರು ರಾಜಿಯಾದರು, ಸತ್ತವರು ಕೆಳಗಿನವರು.

ಚೌಧುರಿಯವರ ಮುಂದಿನ ಜೀವನ ಏರುತ್ತಲೇ ಹೋಯಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದಾಗ ಅವರು ದಕ್ಷಿಣ ಕಮಾಂಡಿನ ಮುಖ್ಯಸ್ಥರು. 1962ರಲ್ಲಿ ಚೀನಾದ ಮುಂದೆ ನಮ್ಮ ಸೈನ್ಯ ಸೋತು ಜನರಲ್ ಥಾಪರ್ ರಾಜೀನಾಮೆ ಕೊಟ್ಟಾಗ ಭೂಸೇನೆಯ ಮುಖ್ಯಸ್ಥರಾದರು. ಎದೆಗುಂದಿದ ಸೈನ್ಯವನ್ನು ಮತ್ತೆ ಕಟ್ಟಿ, 1965ರ ಪಾಕಿಸ್ತಾನ ಯುದ್ಧದಲ್ಲಿ ಮುನ್ನಡೆಸಿದರು. 1966ರಲ್ಲಿ ನಿವೃತ್ತಿ, ಆಮೇಲೆ 1969ರವರೆಗೆ ಕೆನಡಾದಲ್ಲಿ ಭಾರತದ ಹೈಕಮಿಷನರ್. 1983ರ ಏಪ್ರಿಲ್ 6ರಂದು ತೀರಿಕೊಂಡರು.

ಸಂತ ಲೂಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಕಪೆರ್ನೌಮಿನ ಶತಾಧಿಪತಿ ನಮಗೆಲ್ಲ ಪರಿಚಿತ. ತಾನೂ ಅಧಿಕಾರದ ಕೆಳಗಿರುವವನು, ತನ್ನ ಕೆಳಗೂ ಸೈನಿಕರಿದ್ದಾರೆ ಎಂದು ಆತ ಯೇಸುವಿಗೆ ಹೇಳಿ ಕಳುಹಿಸುತ್ತಾನೆ. ಯೇಸು ಆತನ ಕಸುಬನ್ನು ಹೀಯಾಳಿಸಲಿಲ್ಲ, ಆತನ ವಿಶ್ವಾಸಕ್ಕೆ ಬೆರಗಾದರು. ಆ ಶತಾಧಿಪತಿ ಹೇಳಿ ಕಳುಹಿಸಿದ್ದು ತನಗಾಗಿ ಏನೂ ಕೇಳಲು ಅಲ್ಲ, ಸಾಯುತ್ತಿದ್ದ ಒಬ್ಬ ಸೇವಕನಿಗಾಗಿ. ಅಧಿಕಾರ ಇರುವವನನ್ನು ಅಳೆಯುವ ಕೋಲು ಇಲ್ಲೇ ಸಿಗುತ್ತದೆ. ಆತ ಎಷ್ಟು ದೂರ ಗೆದ್ದ ಎನ್ನುವುದರ ಜೊತೆಗೆ, ತನ್ನ ಕೈಕೆಳಗಿನ ಅತಿ ಚಿಕ್ಕವನು ಬದುಕಿದನೇ ಎಂದೂ ಕೇಳಬೇಕು.

ಈ ಕೋಲಿನಿಂದ ಅಳೆದರೆ ಚೌಧುರಿಯವರ ಗೆಲುವು ದೊಡ್ಡದು, ಆದರೆ ಪೂರ್ಣವಲ್ಲ. ರಜಾಕಾರರ ಭಯ ಅವರಿಂದ ಮುಗಿಯಿತು, ಅದಕ್ಕೆ ಗಡಿಭಾಗ ಋಣಿ. ಆದರೆ ಐದು ದಿನದಲ್ಲಿ ರಾಜ್ಯ ಗೆಲ್ಲುವ ಯೋಜನೆ ಇತ್ತು, ಆರನೆಯ ದಿನ ನಿಲಂಗಾದ ಒಂದು ಹಳ್ಳಿಯ ಬಾಗಿಲು ಕಾಯುವವರು ಯಾರು ಎಂಬ ಯೋಜನೆ ಸಾಲದಾಯಿತು. ಈ ಹೊಣೆಯನ್ನು ಒಬ್ಬ ವ್ಯಕ್ತಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಕೊಂದವರು ಬೇರೆ ಗ್ರಹದಿಂದ ಬಂದವರಾಗಿರಲಿಲ್ಲ, ಅದೇ ಬಾವಿಯ ನೀರು ಕುಡಿದವರು. ಉಳಿಸಿದವರೂ ಅದೇ ಬಾವಿಯ ನೀರು ಕುಡಿದವರು.

ನಮಗೇನು ಕೆಲಸ?

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುರಚನೆಯಾದಾಗ ಬೀದರ್ ಕನ್ನಡನಾಡಿಗೆ ಬಂತು. ಅದರ ತಾಲೂಕುಗಳಾಗಿದ್ದ ನಿಲಂಗಾ, ಉದಗೀರ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು, 1982ರಲ್ಲಿ ಹೊಸ ಲಾತೂರು ಜಿಲ್ಲೆ ಸೇರಿದವು. ಹೀಗೆ ಒಂದೇ ಜಿಲ್ಲೆಯ ನೆನಪು ಎರಡು ರಾಜ್ಯಗಳ ಪಠ್ಯಪುಸ್ತಕಗಳಲ್ಲಿ ಹಂಚಿಹೋಯಿತು. ಆ ಕಡೆಯವರು ಮರಾಠಿಯಲ್ಲಿ ಅರ್ಧ ಓದುತ್ತಾರೆ, ಈ ಕಡೆಯವರು ಕನ್ನಡದಲ್ಲಿ ಇನ್ನರ್ಧ. ಎರಡೂ ಭಾಷೆ ಬಲ್ಲ ನಾವು ಎರಡನ್ನೂ ಜೋಡಿಸಬಲ್ಲೆವು.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ನಮ್ಮ ಮನೆಯ ಮುತ್ಯಾ, ಆಯಿ, ಪಕ್ಕದ ಮನೆಯ ದಾದಿ ಇನ್ನೆಷ್ಟು ದಿನ ಹೇಳಿಯಾರು? ಮುಂದಿನ ಯುವಜನ ಸಭೆಗೆ ಬರುವ ಮೊದಲು ಒಬ್ಬೊಬ್ಬರೂ ಒಬ್ಬ ಹಿರಿಯರ ಹತ್ತಿರ ಕುಳಿತು ಕೇಳೋಣ. ನಮ್ಮೂರಲ್ಲಿ ಯಾರು ಓಡಿಹೋದರು, ಯಾರು ತಿರುಗಿ ಬಂದರು, ಯಾರು ಯಾರನ್ನು ಕಣಜದಲ್ಲಿ, ಅಟ್ಟದ ಮೇಲೆ ಬಚ್ಚಿಟ್ಟರು ಎಂದು ಕೇಳೋಣ. ಒತ್ತಾಯ ಬೇಡ, ಹೇಳಲು ಮನಸ್ಸಿಲ್ಲದವರ ಮೌನವನ್ನು ಗೌರವಿಸೋಣ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡೋಣ. ಒಂದು ಎಚ್ಚರ ಇರಲಿ: ಕೇಳಿದ್ದನ್ನು ವಾಟ್ಸ್‌ಆ್ಯಪಿನಲ್ಲಿ ಬೆಂಕಿ ಹಚ್ಚಲು ಬಳಸುವುದು ಬೇಡ.

ಒಳ್ಳೆಯ ಸಮಾರಿಯದವನ ಸಾಮತಿಯನ್ನು ನಾವು ಧರ್ಮೋಪದೇಶದ ತರಗತಿಯಲ್ಲಿ ಎಷ್ಟೋ ಸಲ ಅಭಿನಯಿಸಿದ್ದೇವೆ. ದಾರಿಯಲ್ಲಿ ಬಿದ್ದವನ ಜಾತಿ, ಮತ ಕೇಳದೆ ಗಾಯಕ್ಕೆ ಎಣ್ಣೆ ಹಚ್ಚಿದವನ ಕಥೆ ಅದು. 1948ರ ಸೆಪ್ಟೆಂಬರಿನಲ್ಲಿ ಆ ಸಾಮತಿ ನಮ್ಮ ನಾಡಿನ ಮಗ್ಗದ ಮನೆಗಳಲ್ಲಿ ನಿಜವಾಗಿ ನಡೆಯಿತು. ಅದನ್ನು ನಡೆಸಿದವರ ಹೆಸರು ಯಾವ ರಸ್ತೆಗೂ ಇಟ್ಟಿಲ್ಲ.

ಬರುವ ಸೆಪ್ಟೆಂಬರ್ 17ರಂದು ಧ್ವಜಕ್ಕೆ ವಂದಿಸೋಣ. ಜನರಲ್ ಚೌಧುರಿಯವರನ್ನು, ರುದ್ರ ಅವರನ್ನು, ಪ್ರಾಣ ಕೊಟ್ಟ ಸೈನಿಕರನ್ನು ನೆನೆಯೋಣ. ಸಂಜೆ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೋರ್ಟಾದಲ್ಲಿ ಸತ್ತವರನ್ನೂ ಲಾತೂರಿನಲ್ಲಿ ಸತ್ತವರನ್ನೂ ಒಂದೇ ಉಸಿರಿನಲ್ಲಿ ದೇವರಿಗೆ ಒಪ್ಪಿಸೋಣ. ನೆರೆಯವನ ಬಾಗಿಲ ಮುಂದೆ ನಿಂತು ಕಾದ ಆ ಹೆಸರಿಲ್ಲದ ನೇಕಾರರಿಗಾಗಿ ಕೃತಜ್ಞತೆ ಸಲ್ಲಿಸೋಣ. ಅಂಥ ದಿನ ಮತ್ತೆ ಬಾರದಿರಲಿ. ಬಂದರೆ ಅವರಂತೆ ನಿಲ್ಲುವ ಧೈರ್ಯವನ್ನು ಪ್ರಭು ನಮಗೆ ಕೊಡಲಿ.